‘ತಾಂತ್ರಿಕ ಋಣ’ವೆಂಬ ರೂಪಕವೂ ಕನ್ನಡದ ಲಿಪಿಯೂ

ಕ್ರಿ. ಶ. ೧೯೯೨ರಲ್ಲಿ ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ ನೆರೆದ ಗಣಕತಜ್ಞರ ಸಮ್ಮೇಳನಕ್ಕೆ ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಅಮೆರಿಕದ ತಂತ್ರಾಂಶಕಾರರು ಒಂದು ಸಣ್ಣ ಅನುಭವವರದಿಯನ್ನು ಒಪ್ಪಿಸಿದರು. ಅವರು ಆಗ ಕಟ್ಟುತ್ತಿದ್ದುದು ಹಣಪತ್ರಗಳ ಲೆಕ್ಕವನ್ನಿಡುವ ‘ವೈಕ್ಯಾಷ್’ ಎಂಬ ತಂತ್ರಾಂಶ. ವಿಷಯವು ಪೂರ್ತಿಯಾಗಿ ತಿಳಿಯುವುದಕ್ಕೆ ಮೊದಲೇ ತಂತ್ರಾಂಶವನ್ನು ಬರೆದು ಜನರ ಕೈಗೆ ಕೊಡುವುದು ಸಾಲಮಾಡಿದಂತೆ. ತಿಳಿವು ಬಂದ ಕೂಡಲೆ ತಿದ್ದಿ ಬರೆದರೆ ಆ ಸಾಲದಿಂದ ಕೆಲಸಕ್ಕೆ ವೇಗವೇ ದೊರೆಯುವುದು. ತಿದ್ದದೆ ಬಿಟ್ಟರೆ ಆಮೇಲಣ ಒಂದೊಂದು ಗಳಿಗೆಯ ದುಡಿಮೆಯೂ ಬಡ್ಡಿಯಾಗಿ ಸಂದುಹೋಗುವುದು. ಇದು ಆ ವರದಿಯ ತಾತ್ಪರ್ಯ. ಲೇವಾದೇವಿಯ ತಂತ್ರಾಂಶವನ್ನು ಬರೆಯತಕ್ಕವರಿಗೆ ಲೇವಾದೇವಿಯ ಹೋಲಿಕೆಯೇ ಹೊಳೆದುದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ಮುಂದೆ ಆದುದರಲ್ಲಿ. ಮೇಲಧಿಕಾರಿಗೆ ತಿಳಿಹೇಳಲು ಹುಟ್ಟಿದ ಆ ಮಾತು ‘ತಾಂತ್ರಿಕ ಋಣ’ವೆಂಬ ಪಾರಿಭಾಷಿಕ ಸಂಜ್ಞೆಯಾಗಿ, ಹಲವು ದೇಶಗಳ ವಿದ್ವಾಂಸರು ಕೂಡಿ ದುಡಿಯುವ ಒಂದು ಶಾಸ್ತ್ರಶಾಖೆಯಾಗಿ ಬೆಳೆದಿದೆ.

ಸಾಹಿತ್ಯವನ್ನು ಪಾಠಹೇಳುವವರಿಗೆ ಇದರಿಂದ ಆಗತಕ್ಕದ್ದೇನೆಂದು ಕೇಳಬಹುದು. ಈ ಸಂಜ್ಞೆಯು ಮೊದಲು ಒಂದು ಅಲಂಕಾರ; ಅಲಂಕಾರದ ಬಲಾಬಲಗಳನ್ನು ತೂಗಿ ಹೇಳುವ ಕೆಲಸ ಆಲಂಕಾರಿಕರಿಗೆ ಸೇರಿದುದೇ ಹೊರತು ಗಣಕತಜ್ಞರಿಗಲ್ಲ. ಅದೂ ಅಲ್ಲದೆ, ಕನ್ನಡಿಗರು ಗಣಕಯಂತ್ರದಲ್ಲಿ ಮಾಡಿಕೊಂಡ ಅತಿ ದೊಡ್ಡ ಸಾಲವು ಕನ್ನಡದ ಅಕ್ಷರಗಳ ಮೇಲೆಯೇ ಮಾಡಿದ ಸಾಲ. ಅದರ ಬಡ್ಡಿಯನ್ನು ತೆರುತ್ತಿರುವವರು ತಂತ್ರಾಂಶವನ್ನು ಬರೆದವರಲ್ಲ, ಗ್ರಂಥಸಂಪಾದಕರು, ನಿಘಂಟುಕಾರರು, ಉಪಾಧ್ಯಾಯರು.

ಅಲಂಕಾರದ ವಿಚಾರವನ್ನು ಮೊದಲು ನೋಡಬಹುದು. ಉಪಮೇಯದ ಮೇಲೆ ಉಪಮಾನವನ್ನು ಅಭೇದವಾಗಿ ಆರೋಪಿಸುವುದು ರೂಪಕವೆಂಬುದು ಸರ್ವವಿದಿತ. ರುಯ್ಯಕನಿಂದ ಈಚಿನ ಆಲಂಕಾರಿಕರು ಇದರಿಂದ ಬೇರೆಮಾಡಿ ‘ಪರಿಣಾಮ’ವೆಂಬ ಮತ್ತೊಂದನ್ನು ಹೇಳುವರು. ಅಲ್ಲಿ ಆರೋಪಿತವಾದ ಉಪಮಾನವು ಪ್ರಕೃತ ಕಾರ್ಯಕ್ಕೆ ಒದಗಬೇಕು. ಆದರೆ ತನ್ನ ಸ್ವರೂಪದಲ್ಲಿದ್ದುಕೊಂಡೇ ಒದಗಲಾರದು, ಉಪಮೇಯದ ಸ್ವರೂಪವನ್ನು ತಾಳಿಯೇ ಒದಗಬೇಕು. ಕೈಯೆಂಬ ಚಿಗುರಿನಿಂದ ಗಿಡಕ್ಕೆ ನೀರೆರೆದಳೆಂದರೆ, ಚಿಗುರು ನೀರೆರೆಯಲಾರದು. ಕೈಯಾಗಿ ಪರಿಣಮಿಸಿದ ಚಿಗುರು ಎರೆಯಬಲ್ಲುದು. ತಾಂತ್ರಿಕ ಋಣವು ಹೇಳುವಾಗ ರೂಪಕದಂತೆ ತೋರಿದರೂ ನಡೆಯುವಾಗ ಪರಿಣಾಮವೇ. ಇಲ್ಲಿ ಋಣವನ್ನು ಹಣದಿಂದ ತೀರಿಸುವುದಾಗುವುದಿಲ್ಲ. ಬರೆದುದನ್ನು ಕೆಡವಿ ಮತ್ತೆ ಬರೆಯುವ ದುಡಿಮೆಯಿಂದಲೇ ತೀರಿಸಬೇಕು. ಬಡ್ಡಿಯೂ ತಿಂಗಳು ತಿಂಗಳಿಗೆ ಏರುವುದಲ್ಲ. ಆ ಭಾಗಕ್ಕೆ ಕೈಹಾಕಿದಾಗ ಮಾತ್ರ ಏರುವುದು. ಯಾರೂ ಮುಟ್ಟದ ಹಳೆಯ ತಂತ್ರಾಂಶವು ಎಷ್ಟು ಕೆಟ್ಟದಾಗಿದ್ದರೂ ಬಡ್ಡಿಯನ್ನು ಕೇಳುವುದಿಲ್ಲ. ಇಂತಿರಲು, ಅಸಲು ಇಷ್ಟು, ಬಡ್ಡಿ ಇಷ್ಟು ಎಂದು ರೂಪಾಯಿ ಡಾಲರುಗಳಲ್ಲಿ ಲೆಕ್ಕಹಾಕಿ ತೋರಿಸುವ ಈಚಿನ ಕೆಲವು ಸಾಧನಗಳು ಪರಿಣಾಮವನ್ನು ರೂಪಕವೆಂದು ಭ್ರಮಿಸಿ ಚಿಗುರಿನ ಕೈಗೆ ಕೊಡವನ್ನು ಕೊಟ್ಟಂತಾಗಿವೆ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಸಾಲವೆಂದರೆ ಕೊಟ್ಟವನೊಬ್ಬ, ಕೊಂಡವನೊಬ್ಬ ಇರಬೇಕು. ಇಲ್ಲಿ ಕೊಟ್ಟವರಾರು? ಮುಂದೆ ಬರತಕ್ಕವರು, ಅವರು ಒಪ್ಪಿ ಕೊಟ್ಟವರಲ್ಲ, ಬಹುಮಟ್ಟಿಗೆ ಆಗ ಹುಟ್ಟಿದವರೂ ಅಲ್ಲ. ಈ ಸಂದರ್ಭದಲ್ಲಿ ಕನ್ನಡದ ವಾಡಿಕೆ ಇಂಗ್ಲಿಷಿಗಿಂತ ಸೂಕ್ಷ್ಮವಾಗಿದೆ. ಸಾಲ, ಕಡ ಎಂಬುವು ಪತ್ರ ಬರೆದುಕೊಟ್ಟು ತಂದುವು. ಋಣವೆಂಬುದು ಹುಟ್ಟಿನೊಡನೆಯೇ ಬರುವುದು. ದೇವಋಣ, ಋಷಿಋಣ, ಪಿತೃಋಣಗಳನ್ನು ಯಾರೂ ಕೇಳಿ ತಂದವರಿಲ್ಲ. ಮೊದಲು ತಂತ್ರಾಂಶವನ್ನು ಬರೆದವನಿಗೆ ಅದು ಸಾಲ. ಆಮೇಲೆ ಆ ಕೆಲಸಕ್ಕೆ ಬಂದವನಿಗೆ ಅದು ಋಣ. ಎರಡನ್ನೂ ಒಂದೇ ಪದದಿಂದ ಹೇಳುವುದರಿಂದ ಹೊಣೆ ಯಾರದೆಂಬುದು ಮರೆಯಾಗುತ್ತದೆ.

ಈ ಪದವನ್ನು ಕುರಿತು ಜಗತ್ತಿನ ವಿದ್ವಾಂಸರು ಮಾಡಿರುವ ಕೆಲಸ ಕಡಮೆಯದಲ್ಲ. ೨೦೧೦ರಿಂದ ವಿಚಾರಗೋಷ್ಠಿಗಳು ನಡೆದುವು. ೨೦೧೬ರ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ಡಾಗ್‌ಸ್ಟೂಲ್ ಎಂಬಲ್ಲಿ ಪಾರಿಸ್ ಅವ್ಗೇರಿಯು, ಫಿಲಿಪ್ ಕ್ರೂಷ್‌ಟೆನ್, ಇಪೆಕ್ ಓಜ್‌ಕಾಯ, ಕ್ಯಾರೊಲಿನ್ ಸೀಮನ್ ಎಂಬ ನಾಲ್ವರ ಮುಂದಾಳುತನದಲ್ಲಿ ನಾನಾ ದೇಶದವರು ಒಂದು ವಾರ ಕುಳಿತು ಲಕ್ಷಣವಾಕ್ಯವೊಂದನ್ನು ರಚಿಸಿದರು. ೨೦೧೮ರಿಂದ ಇದಕ್ಕೆಂದೇ ವಾರ್ಷಿಕ ಸಮ್ಮೇಳನ ಏರ್ಪಟ್ಟಿತು. ಮೊದಲನೆಯದು ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ. ಬ್ರೆಜಿಲ್‌ನಲ್ಲಿ ಮೊದಲಾದ ಒಂದು ಪ್ರಶ್ನಾವಳಿಯನ್ನು ಚಿಲಿ, ಕೊಲಂಬಿಯ, ಕೋಸ್ಟರಿಕ, ಅಮೆರಿಕ ಮುಂತಾದ ದೇಶಗಳಲ್ಲಿ ಅದೇ ರೀತಿಯಲ್ಲಿ ಕೇಳಿ, ಈ ಋಣಕ್ಕೆ ಕಾರಣಗಳೇನು, ಫಲಗಳೇನು ಎಂದು ತೂಗಿ ನೋಡಿದರು.

ಇವೆಲ್ಲದರಲ್ಲಿ ಪ್ರಾಚೀನಗ್ರಂಥಸಂಪಾದಕರಿಗೆ ರುಚಿಸತಕ್ಕ ಭಾಗವೊಂದುಂಟು. ತಂತ್ರಾಂಶವನ್ನು ಬರೆಯುವವರು ನಡುನಡುವೆ ಯಂತ್ರವು ಲೆಕ್ಕಿಸದ ಟಿಪ್ಪಣಿಗಳನ್ನು ಬರೆದಿಡುವುದುಂಟು. ಇದು ಸದ್ಯಕ್ಕೆ ಹೀಗಿರಲಿ, ಆಮೇಲೆ ಸರಿಪಡಿಸಬೇಕು ಎಂಬ ಬಗೆಯ ಟಿಪ್ಪಣಿಗಳನ್ನು ಪೊತ್ದಾರ್ ಮತ್ತು ಶಿಹಾಬ್ ಎಂಬಿಬ್ಬರು ೨೦೧೪ರಲ್ಲಿ ನಾಲ್ಕು ದೊಡ್ಡ ತಂತ್ರಾಂಶಗಳಲ್ಲಿ ಹುಡುಕಿ ತೆಗೆದು, ಇವಕ್ಕೆ ‘ತಾನೇ ಒಪ್ಪಿಕೊಂಡ ಋಣ’ವೆಂದು ಹೆಸರಿಟ್ಟರು. ಹಾಗೆ ಬರೆದಿಟ್ಟುದರಲ್ಲಿ ಒಂದು ದೊಡ್ಡ ಪಾಲು ಎಂದಿಗೂ ತಿದ್ದಲ್ಪಡಲಿಲ್ಲವೆಂಬುದು ಅವರು ಕಂಡುಕೊಂಡ ಸಂಗತಿ. ಓಲೆಗರಿಯ ಕಡೆಯಲ್ಲಿ ಲಿಪಿಕಾರನು ತಪ್ಪೊಪ್ಪುಗಳನ್ನು ಬಲ್ಲವರು ತಿದ್ದಿಕೊಳ್ಳಲಿ ಎಂದು ಬಿನ್ನವಿಸಿ ಕೈಮುಗಿಯುವುದನ್ನೂ, ಮುಂದಿನ ಲಿಪಿಕಾರನು ಆ ತಪ್ಪುಗಳೊಡನೆ ಆ ಬಿನ್ನಹವನ್ನೂ ಭಕ್ತಿಯಿಂದ ಪ್ರತಿಮಾಡುವುದನ್ನೂ ಕಂಡವರಿಗೆ ಇದು ಹೊಸದೆನಿಸದು.

ಇನ್ನು ಕನ್ನಡದ ಮಾತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಯಲ್ದೂರು ಎಂಬ ಹೋಬಳಿಯ ಊರಿದೆ. ಹೋಬಳಿಯ ಹೆಸರಾದುದರಿಂದ ಆ ಮೂರಕ್ಷರ ಭೂಮಿಯ ದಾಖಲೆಯಲ್ಲಿ, ಶಾಲೆಯ ಪಟ್ಟಿಯಲ್ಲಿ, ನ್ಯಾಯಾಲಯದ ಕಾಗದದಲ್ಲಿ ಮತ್ತೆ ಮತ್ತೆ ಬರತಕ್ಕದ್ದು. ಆ ಹೆಸರನ್ನು ಗಣಕಯಂತ್ರವು ಹೇಗೆ ಬರೆದಿಟ್ಟುಕೊಳ್ಳುತ್ತದೆಂಬುದನ್ನು ನೋಡಿದರೆ ಸಾಲದ ಬಗೆ ಸ್ಪಷ್ಟವಾಗುವುದು. ೧೯೯೦ರ ದಶಕದಲ್ಲಿ ಬಳಕೆಯಲ್ಲಿದ್ದ ಯಂತ್ರಗಳಿಗೆ ಕನ್ನಡವು ತಿಳಿದಿರಲಿಲ್ಲ. ಆದುದರಿಂದ ಕನ್ನಡದ ಅಕ್ಷರಗಳನ್ನು ತುಂಡುತುಂಡುಗಳಾಗಿ ಮಾಡಿ, ಆ ತುಂಡುಗಳನ್ನು ಐರೋಪ್ಯ ಲಿಪಿಯ ಮನೆಗಳಲ್ಲಿ ಬಾಡಿಗೆಗೆ ಕೂಡಿಸಿದರು. ಅಚ್ಚಿನ ಮನೆಯ ಮೊಳೆಪೆಟ್ಟಿಗೆಯಲ್ಲಿ ತಲೆಕಟ್ಟು, ಕೊಂಬು, ಒತ್ತುಗಳನ್ನು ಬೇರೆ ಬೇರೆಯಾಗಿ ಇಟ್ಟು ಜೋಡಿಸುವ ಕ್ರಮವೇ ಇದಕ್ಕೆ ಮೂಲ. ೧೯೯೮ರಲ್ಲಿ ಹೊರಬಂದ ಶೇಷಾದ್ರಿವಾಸು ಅವರ ‘ಬರಹ’ವೂ, ಮುಂದೆ ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ಸಿದ್ಧಪಡಿಸಿದ ‘ನುಡಿ’ಯೂ ಈ ದಾರಿಯಲ್ಲಿಯೇ ನಡೆದುವು. ಕೀಲಿಮಣೆಯ ವಿಷಯದಲ್ಲಿ ಕೆ. ಪಿ. ರಾವ್ ಅವರು ಅಕ್ಷರಗಳ ಉಚ್ಚಾರಣೆಯನ್ನೇ ಆಧಾರವಾಗಿಟ್ಟುಕೊಂಡು ಮಾಡಿದ ವಿನ್ಯಾಸ ಮಾತ್ರ ಇವಕ್ಕಿಂತ ಗಟ್ಟಿಯಾದ ತಳಹದಿಯದು. ಆದುದರಿಂದಲೇ ಅದು ತಳದ ಸಂಕೇತಕ್ರಮ ಬದಲಾದರೂ ಉಳಿದುಕೊಂಡಿತು.

ನುಡಿಯ ಆ ಹಳೆಯ ಕ್ರಮದಲ್ಲಿ ಯಲ್ದೂರು ಎಂಬುದು ಹತ್ತು ತುಂಡುಗಳು. ಮೊದಲಿನ ಯಕಾರವೊಂದಕ್ಕೇ ನಾಲ್ಕು. ಅವುಗಳಲ್ಲಿ ಮೊದಲನೆಯದು ಅನುಸ್ವಾರದ ಸೊನ್ನೆಯೇ. ಯಕಾರದ ಎಡಗಡೆಯ ಸುರುಳಿಯನ್ನು ಬರೆಯಲು ಬಿಂದುವನ್ನು ಎರವು ತಂದರು. ಕಣ್ಣಿಗೆ ವ್ಯತ್ಯಾಸವಿಲ್ಲ; ಆದರೆ ಅನುಸ್ವಾರವೆಲ್ಲಿದೆಯೆಂದು ಯಂತ್ರವನ್ನು ಕೇಳಿದರೆ ಯಕಾರವಿದ್ದಲ್ಲೆಲ್ಲ ಇದೆಯೆನ್ನುವುದು. ಎರಡನೆಯ ಅಕ್ಷರದಲ್ಲಿ ಇನ್ನೂ ವಿಚಿತ್ರ. ಬಾಯಲ್ಲಿ ಲಕಾರ, ದಕಾರ, ಊಕಾರ ಎಂಬ ಅನುಕ್ರಮವಿರಲು, ಯಂತ್ರದೊಳಗೆ ಲಕಾರ, ಅದಕ್ಕೆ ದೀರ್ಘದ ಕೊಂಬು, ಕಡೆಗೆ ದಕಾರದ ಒತ್ತು. ಕಣ್ಣು ಎಡದಿಂದ ಬಲಕ್ಕೆ ಕಾಣುವ ಕ್ರಮವೇ ಹೊರತು ವ್ಯಾಕರಣದ ಕ್ರಮವಲ್ಲ. ಸಂಯುಕ್ತಾಕ್ಷರವೆಂದರೆ ವ್ಯಂಜನಗಳು ಕೂಡಿ ಕಡೆಗೆ ಸ್ವರವು ಬರುವುದೆಂದು ಪ್ರಾಥಮಿಕ ಶಾಲೆಯಲ್ಲಿ ಕಲಿತುದನ್ನು ಯಂತ್ರವು ಕಲಿಯಲಿಲ್ಲ. ಹೀಗಾಗಿ ಅಕಾರಾದಿಯಾಗಿ ಜೋಡಿಸುವುದು, ಪದವನ್ನು ಹುಡುಕುವುದು, ಪ್ರಾಸವನ್ನು ಎಣಿಸುವುದು, ಪದಪ್ರಯೋಗಕೋಶವನ್ನು ಮಾಡುವುದು, ಇವೊಂದೂ ನೇರವಾಗಿ ಸಾಗವು. ಬರೆದುದು ಪುಸ್ತಕದಂತೆ ಕಾಣುವ ಚಿತ್ರವಾಯಿತೇ ಹೊರತು ಪಾಠವಾಗಲಿಲ್ಲ.

ಇದನ್ನು ತಪ್ಪೆಂದು ಹಳಿಯುವುದು ನ್ಯಾಯವಲ್ಲ. ಯೂನಿಕೋಡ್ ಎಂಬ ಸಾರ್ವಲೌಕಿಕ ಶಿಷ್ಟತೆಯ ಮೊದಲ ಸಂಪುಟವು ೧೯೯೧ರಲ್ಲಿಯೇ ಪ್ರಕಟವಾಗಿದ್ದರೂ, ಜನರು ಬಳಸುವ ವಿಂಡೋಸ್ ಯಂತ್ರಗಳಲ್ಲಿ ಕನ್ನಡವು ಆ ಕ್ರಮದಿಂದ ಮೂಡಿದುದು ೨೦೦೧ರ ಎಕ್ಸ್‌ಪಿ ಆವೃತ್ತಿಯಲ್ಲಿ. ನಡುವಣ ಹತ್ತು ವರ್ಷ ಕಾದು ಕುಳಿತಿದ್ದರೆ ಕನ್ನಡದ ಮುದ್ರಣವು ಗಣಕಯಂತ್ರಕ್ಕೆ ಬರುತ್ತಲೇ ಇರಲಿಲ್ಲ. ಕನಿಂಗ್‌ಹ್ಯಾಮರು ಹೇಳಿದ ಸಾಲವು ಇದೇ; ಬೇಕಾಗಿ, ತಿಳಿದು, ಕೆಲಸ ಸಾಗಲೆಂದು ಮಾಡಿದ್ದು. ದೋಷವಿರುವುದು ಸಾಲವನ್ನು ತಂದುದರಲ್ಲಿ ಅಲ್ಲ, ತೀರಿಸುವ ಶಕ್ತಿ ಬಂದ ಮೇಲೂ ಅದರ ಮೇಲೆಯೇ ಸಂಸಾರವನ್ನು ನಡಸಿದುದರಲ್ಲಿ. ಸರ್ಕಾರವು ಯೂನಿಕೋಡನ್ನು ಶಿಷ್ಟತೆಯೆಂದು ಅಂಗೀಕರಿಸಿದ ಮೇಲೂ ಅಚ್ಚಿನ ಮನೆಗಳಲ್ಲಿ ಹಳೆಯ ತುಂಡಕ್ಷರಗಳು ಬಹುಕಾಲ ನಿಲ್ಲಲಿಲ್ಲವೆನ್ನುವಂತಿಲ್ಲ. ಪುಟವಿನ್ಯಾಸದ ತಂತ್ರಾಂಶಗಳು ಅದಕ್ಕೇ ಒಗ್ಗಿಹೋಗಿದ್ದುವು.

ಯೂನಿಕೋಡಿನಲ್ಲಿ ಯಲ್ದೂರು ಎಂಬುದು ಏಳು ಚಿಹ್ನೆಗಳು; ಬಾಯಿ ನುಡಿಯುವ ಕ್ರಮದಲ್ಲಿಯೇ ಇವೆ. ಹಾಗೆಂದು ಅಲ್ಲಿ ಸಾಲವಿಲ್ಲವೆಂದಲ್ಲ. ಕೋಲಾರವೆಂಬ ಹೆಸರಿನ ಮೊದಲ ಅಕ್ಷರದ ಓಕಾರವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಎರಡಾಗಿ ಒಡೆದೂ ಬರೆಯಬಹುದು, ಮೂರಾಗಿಯೂ ಬರೆಯಬಹುದು. ಕಣ್ಣಿಗೆ ಮೂರೂ ಒಂದೇ. ಆದರೆ ಈ ಸಾಲಕ್ಕೆ ಪತ್ರವಿದೆ. ಮೂರೂ ಸಮಾನವೆಂದು ಶಿಷ್ಟತೆಯೇ ಸಾರಿ, ಒಂದಕ್ಕೆ ತರುವ ವಿಧಿಯನ್ನೂ ಹೇಳಿದೆ. ರ‍್ಯಾಂಕು ಎಂಬ ಪದದಲ್ಲಿ ರೇಫವು ಅರ್ಕಾವೊತ್ತಾಗಿ ಹಿಂದಕ್ಕೆ ಹೋಗದಂತೆ ತಡೆಯಲು ಕಣ್ಣಿಗೆ ಕಾಣದ ಚಿಹ್ನೆಯೊಂದನ್ನು ನಡುವೆ ಸೇರಿಸಬೇಕಾಗಿದೆ. ಈ ಅಗೋಚರ ಚಿಹ್ನೆಗೆ ಅಂಥ ಸಮಾನತೆಯ ವಿಧಿಯಿಲ್ಲ. ಒಬ್ಬರು ಬರೆದುದು ಮತ್ತೊಬ್ಬರ ಹುಡುಕುವಿಕೆಗೆ ಸಿಕ್ಕದೆ ಹೋಗುವುದುಂಟು. ಅನುಸ್ವಾರದ ಬದಲು ಅಂಕಿಯ ಸೊನ್ನೆಯನ್ನು ಒತ್ತಿಬಿಡುವ ಬೆರಳಚ್ಚುಗಾರರ ಅಭ್ಯಾಸವನ್ನು ಇದಕ್ಕೆ ಸೇರಿಸಿಕೊಳ್ಳಬೇಕು. ಅದು ಯಂತ್ರದ ಸಾಲವಲ್ಲವಾದರೂ ಬಡ್ಡಿ ಒಂದೇ.

ಪ್ರಾಚೀನಕನ್ನಡದ ವಿದ್ಯಾರ್ಥಿಗೆ ಇವೆಲ್ಲಕ್ಕಿಂತ ಹೃದಯಕ್ಕೆ ಹತ್ತಿರವಾದುದು ೞಕಾರದ ಕಥೆ. ರಳವೆಂದು ವೈಯಾಕರಣರು ಕರೆದ ಈ ಅಕ್ಷರದ ಬೆಲೆ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಮೞೆ ಮಳೆಯಾದುದು, ಏೞು ಏಳಾದುದು, ಗೞ್ದೆ ಗದ್ದೆಯಾದುದು ಭಾಷೆಯ ಚರಿತ್ರೆ. ರಳಕುಳಗಳು ಪ್ರಾಸದಲ್ಲಿ ಬೆರೆತಿವೆಯೇ ಇಲ್ಲವೇ ಎಂಬುದು ಕವಿಕಾಲನಿರ್ಣಯಕ್ಕೆ ಒಂದು ಆಧಾರ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇದಕ್ಕಾಗಿ ಪಟ್ಟ ಶ್ರಮ ಪ್ರಸಿದ್ಧ. ಜರ್ಮನಿಯಿಂದ ಬಂದ ಕಿಟ್ಟೆಲರು ೧೮೯೪ರ ನಿಘಂಟಿನಲ್ಲಿ ಇದನ್ನು ಅಚ್ಚುಕಟ್ಟಾಗಿ ಬೇರೆಯಿಟ್ಟು ತೋರಿಸಿದರು. ಕೋಲಾರ ಜಿಲ್ಲೆಯ ಶಾಸನಗಳನ್ನು ೧೯೦೫ರಲ್ಲಿ ಎಪಿಗ್ರಾಫಿಯ ಕರ್ಣಾಟಿಕದ ಹತ್ತನೆಯ ಸಂಪುಟವಾಗಿ ರೈಸ್ ಅವರು ಪ್ರಕಟಿಸಿದಾಗ, ಶ್ರೀನಿವಾಸಪುರ ತಾಲ್ಲೂಕಿನವು ಅದರಲ್ಲಿ ಪ್ರತ್ಯೇಕ ವಿಭಾಗವಾಗಿ ಅಚ್ಚಾದುವು. ಗಂಗ ಬಾಣ ನೊಳಂಬರ ಶಾಸನಗಳನ್ನು ಗಣಕಯಂತ್ರಕ್ಕೆ ಇಳಿಸಬೇಕಾದರೆ ಈ ಅಕ್ಷರವಿಲ್ಲದೆ ನಡೆಯದು. ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ ೧೨೮ ಮನೆಗಳಲ್ಲಿ ೯೫ನೆಯದು ಇದರದು. ಮನೆ ಸರಿ, ಆಕಾರವೂ ಸರಿ. ಆದರೆ ಬಾಗಿಲ ಮೇಲಿನ ಹೆಸರು ‘ಕನ್ನಡದ ಫ಼ಕಾರ’! ಸೀಸದ ಮೊಳೆಯ ಕಾಲದಲ್ಲಿ ಪರದೇಶೀಯನೊಬ್ಬನಿಗೆ ತಿಳಿದಿದ್ದ ಹೆಸರು ಒಂದು ಶತಮಾನದ ಮೇಲೆ ಶಿಷ್ಟತೆಯನ್ನು ಬರೆದವರಿಗೆ ತಿಳಿಯದೆ ಹೋಯಿತು.

ತಪ್ಪು ಬೇಗನೆ ಗೊತ್ತಾಯಿತು, ತಿದ್ದಲಾಗಲಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂದು ೧೯೯೬ರ ಎರಡನೆಯ ಆವೃತ್ತಿಯಿಂದ ಆ ಸಂಸ್ಥೆ ನಿಯಮಮಾಡಿಕೊಂಡಿದೆ. ಹೆಸರನ್ನು ನಂಬಿ ಬರೆದ ತಂತ್ರಾಂಶಗಳು ಕುಸಿಯಬಾರದೆಂಬುದು ಅದರ ಉದ್ದೇಶ. ಆದುದರಿಂದ ಅಧಿಕೃತವಾದ ಉಪನಾಮವೊಂದನ್ನು ಪಕ್ಕದಲ್ಲಿ ಕೊಟ್ಟು, ಮೂಲನಾಮವು ಪ್ರಮಾದವೆಂದು ಪಟ್ಟಿಯಲ್ಲಿಯೇ ಬರೆದರು. ಹೆಸರನ್ನು ಓದಿ ಲಿಪ್ಯಂತರ ಮಾಡುವ ತಂತ್ರಾಂಶವು ಉಪನಾಮವನ್ನು ಗಮನಿಸದಿದ್ದರೆ ಮೞೆಯು ಮಫ಼ೆಯಾಗಿಬಿಡುವುದು. ಇಲ್ಲಿ ಸಾಲದ ರೂಪಕವೇ ನಿಂತುಹೋಗುತ್ತದೆ. ತೀರಿಸಲು ಹಣವೂ ಇದೆ, ಮನಸ್ಸೂ ಇದೆ, ತೀರಿಸಬಾರದೆಂಬುದೇ ಕರಾರು.

ಡಾಗ್‌ಸ್ಟೂಲಿನ ಲಕ್ಷಣವಾಕ್ಯವನ್ನು ಈ ಕನ್ನಡದ ನಿದರ್ಶನದ ಮೇಲೆ ಒರೆದು ನೋಡತಕ್ಕದ್ದು. ತತ್ಕಾಲಕ್ಕೆ ಅನುಕೂಲವಾಗಿ ಮುಂದಣ ಮಾರ್ಪಾಟುಗಳನ್ನು ದುಬಾರಿಯಾಗಿಯೋ ಅಸಾಧ್ಯವಾಗಿಯೋ ಮಾಡುವ ರಚನೆಗಳು ಎಂಬ ಮೊದಲ ಭಾಗ ನಿರ್ದುಷ್ಟ. ಬರಿಯ ದೋಷಗಳನ್ನೂ, ಕಾಯಕದ ಸೋಮಾರಿತನವನ್ನೂ ಈ ಹೆಸರಿನಲ್ಲಿ ತುಂಬುವುದನ್ನು ಅದು ತಡೆಯಿತು. ಎರಡನೆಯ ಭಾಗದಲ್ಲಿ ಅವ್ಯಾಪ್ತಿದೋಷವಿದೆ. ಋಣದ ಫಲವು ತಂತ್ರಾಂಶದ ಒಳಗಣ ಗುಣಗಳಿಗೆ, ಮುಖ್ಯವಾಗಿ ದುರಸ್ತಿಗೂ ಬೆಳವಣಿಗೆಗೂ, ಸೀಮಿತವೆಂದು ಅಲ್ಲಿ ಹೇಳಿದೆ. ಕನ್ನಡದಲ್ಲಿ ನಡೆದುದು ಹಾಗಲ್ಲ. ತುಂಡಕ್ಷರಗಳ ತಂತ್ರಾಂಶವು ತನ್ನ ಪಾಡಿಗೆ ಚೆನ್ನಾಗಿಯೇ ನಡೆಯುತ್ತಿತ್ತು. ಕೆಟ್ಟುದು ಅದರಿಂದ ಬರೆದಿಟ್ಟ ಗ್ರಂಥ. ತಂತ್ರಾಂಶವನ್ನು ಎಸೆದು ಹೊಸದನ್ನು ತರಬಹುದು. ಅದರಲ್ಲಿ ಬರೆದ ಕಾವ್ಯಪಾಠ, ಪ್ರಬಂಧ, ಪ್ರಶ್ನಪತ್ರಿಕೆ, ಪತ್ರಿಕೆಯ ಸಂಚಿಕೆಗಳು ಹಳೆಯ ಸಂಕೇತದಲ್ಲಿಯೇ ಉಳಿಯುವುವು. ನಾನಾ ದೇಶಗಳಲ್ಲಿ ನಡೆದ ಆ ಪ್ರಶ್ನಾವಳಿಯೂ ತಂತ್ರಾಂಶದ ಕಸಬಿನವರನ್ನೇ ಕೇಳಿತು. ಬರೆದವರನ್ನು ಕೇಳಿ ಓದಿದವರನ್ನು ಬಿಟ್ಟಿತು. ರೋಮನ್ ಲಿಪಿಯಲ್ಲಿ ಬರೆಯುವ ದೇಶಗಳ ವಿದ್ವಾಂಸರಿಗೆ ಈ ಲೋಪವು ಕಾಣದಿರುವುದು ಸಹಜ. ಅವರ ಅಕ್ಷರಗಳು ಮೊದಲಿನಿಂದಲೂ ಸ್ವಂತ ಮನೆಯಲ್ಲಿದ್ದುವು. ಸಹಕಾರದ ವ್ಯಾಪ್ತಿ ದೇಶಗಳ ಸಂಖ್ಯೆಯಿಂದಲ್ಲದೆ ಲಿಪಿಗಳ ಸಂಖ್ಯೆಯಿಂದಲೂ ಅಳೆಯಲ್ಪಡಬೇಕಾಗಿತ್ತು.

ಕೋಲಾರದ ಸೀಮೆಯಲ್ಲಿ ಸಾಲಕ್ಕಿಂತ ಹತ್ತಿರದ ಇನ್ನೊಂದು ಉಪಮಾನವಿದೆ. ತುಂಬಿ ಹರಿಯುವ ಹೊಳೆಯಿಲ್ಲದ ಆ ನಾಡು ಕೆರೆಗಳಿಂದ ಬದುಕಿದುದು. ಕೆರೆಯ ವೈರಿ ಹೂಳು. ಯಾರ ತಪ್ಪೂ ಇಲ್ಲದೆ, ಮಳೆ ಬಂದಾಗಲೆಲ್ಲ ಅದು ಸೇರುವುದು. ಕಟ್ಟಿಸಿದವನ ಹೆಸರು ಕಲ್ಲಿನ ಮೇಲೆ, ಹೂಳು ತೆಗೆಯುವ ಕೆಲಸ ಊರಿನ ಮೇಲೆ. ಇದನ್ನರಿತೇ ಹಿಂದಿನವರು ಕೆರೆಯನ್ನು ಕಟ್ಟುವಾಗಲೇ ಬಿತ್ತುವಟ್ಟ, ಕಟ್ಟುಕೊಡಗೆಗಳೆಂದು ಭೂಮಿಯನ್ನು ಬಿಟ್ಟು, ಅದರ ಹುಟ್ಟುವಳಿಯಿಂದ ದುರಸ್ತಿ ನಡೆಯುವಂತೆ ಶಾಸನ ಹಾಕಿಸಿದರು. ಹೂಳಿನ ಉಪಮಾನವನ್ನು ಹಿಡಿದರೆ, ಸಾಲದಲ್ಲಿ ಕಾಣದಿದ್ದ ಈ ಅಂಶ ಕಾಣುವುದು: ಕಟ್ಟುವ ವೆಚ್ಚದೊಡನೆಯೇ ಉಳಿಸುವ ವೆಚ್ಚವನ್ನು ಬೇರೆಯಿಡಬೇಕು. ಆದರೆ ಇದೂ ಎಲ್ಲವನ್ನು ಒಳಕೊಳ್ಳದು. ಕಡಪೆಯ ಸೀಮೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರನು ೧೩೬೯ರಲ್ಲಿ ಹಾಕಿಸಿದ ಕೆರೆಯ ಶಾಸನದಲ್ಲಿ ಕೆರೆಗೆ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಹೇಳಿದೆ. ಏರಿಯಲ್ಲಿ ನೀರು ಒಸರುವುದು, ಚೌಳುನೆಲ, ನಡುವೆ ದಿಬ್ಬ, ನೀರಿಗೂ ನೆಲಕ್ಕೂ ಸರಿಹೊಂದದಿರುವುದು ಮುಂತಾದ ಆ ಆರರಲ್ಲಿ ಹೂಳು ಇಲ್ಲ. ಅದು ಕಾಲಧರ್ಮ, ದೋಷವೆಂದರೆ ಕಟ್ಟುವಾಗಲೇ ಮಾಡಿದುದು ಎಂಬ ವಿವೇಕ ಅಲ್ಲಿ ಸ್ಪಷ್ಟವಾಗಿದೆ. ೞಕಾರದ ಹೆಸರು ದೋಷ. ತುಂಡಕ್ಷರದ ಕಡತಗಳು ಹೂಳು. ಆ ಆರು ದೋಷಗಳಲ್ಲಿ ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದೂ ಒಂದು. ಇತ್ತ ರಾಜ್ಯಸರ್ಕಾರ, ಅತ್ತ ಸಮುದ್ರದಾಚೆಯ ಶಿಷ್ಟತಾಸಂಸ್ಥೆ, ಇವೆರಡರ ನಡುವೆ ಬಿದ್ದ ಕನ್ನಡಲಿಪಿಗೆ ಇದಕ್ಕಿಂತ ಒಪ್ಪ ವಾಕ್ಯ ದೊರೆಯದು.

ಆ ಗಡಿಯಲ್ಲಿಯೂ ಕೆಲಸ ನಡೆಯಬಲ್ಲುದೆಂಬುದಕ್ಕೆ ನಿದರ್ಶನಗಳಿವೆ. ಜಿಹ್ವಾಮೂಲೀಯ, ಉಪಧ್ಮಾನೀಯಗಳು ೨೦೦೬ರಲ್ಲಿ ಸೇರಿದುವು. ಹಳಗನ್ನಡದ ಬರಹಗಳಲ್ಲಿ ಬರುವ ನಕಾರಪೊಲ್ಲು ೨೦೨೧ರ ಹದಿನಾಲ್ಕನೆಯ ಆವೃತ್ತಿಯಲ್ಲಿ ತನ್ನ ಮನೆಯನ್ನು ಪಡೆಯಿತು. ಮರುವರ್ಷ ಮೇಲ್ಗಡೆಯ ಅನುಸ್ವಾರವೊಂದು ಸೇರಿತು. ಇವು ಯಾವುವೂ ಯಂತ್ರದವರು ತಾವಾಗಿ ಕೊಟ್ಟುವಲ್ಲ. ಓಲೆಗರಿ, ಅಚ್ಚಿನ ಪುಸ್ತಕ, ಶಾಸನದ ಪಡಿಯಚ್ಚುಗಳಿಂದ ಪ್ರಯೋಗವನ್ನು ಎತ್ತಿ ತೋರಿಸಿ ವಾದಿಸಿದರೆ ಮಾತ್ರ ಆ ಸಭೆಯಲ್ಲಿ ಅಕ್ಷರಕ್ಕೆ ಸ್ಥಾನ. ಅಂದರೆ ಅಲ್ಲಿ ಸಲ್ಲುವ ಪ್ರಮಾಣವು ಗ್ರಂಥಸಂಪಾದಕರ ಪ್ರಮಾಣವೇ. ಹಳೆಯ ಕಡತಗಳನ್ನು ಪರಿವರ್ತಿಸುವ ವಿಷಯದಲ್ಲಿಯೂ ಹಾಗೆಯೇ. ಪರಿವರ್ತಕ ತಂತ್ರಾಂಶಗಳಿವೆ, ಯಕಾರದ ಬಿಂದುವನ್ನು ಅವು ಗುರುತಿಸಬಲ್ಲುವು. ಆದರೆ ಅಂಕಿಯ ಸೊನ್ನೆಯು ಅನುಸ್ವಾರವಾಗಿ ಬಂದಲ್ಲಿ, ರಳವಿಲ್ಲದ ಅಕ್ಷರಜೋಡಣೆಯಲ್ಲಿ ಕುಳವನ್ನೇ ಇಟ್ಟು ಮುಂದೆ ಸಾಗಿದಲ್ಲಿ, ಯಾವುದು ಕವಿಯದು, ಯಾವುದು ಬೆರಳಚ್ಚುಗಾರನದೆಂದು ನಿರ್ಣಯಿಸಲು ಯಂತ್ರಕ್ಕೆ ಆಧಾರವಿಲ್ಲ. ಅಲ್ಲಿ ಮೂಲಪ್ರತಿಯನ್ನು ತೆರೆದಿಟ್ಟುಕೊಂಡು ಸಾಲುಸಾಲಾಗಿ ಓದತಕ್ಕವರು ಬೇಕು. ಮೂಲಪ್ರತಿಯನ್ನು ಎಸೆಯದೆ ಇಟ್ಟಿರತಕ್ಕ ಗ್ರಂಥಭಂಡಾರವೂ ಬೇಕು.